ಮಂಜಿನಡಿಯ ಎಂಟು ಕುಪ್ಪಿಗಳು

ಗೂಡಿನ ಬಾಗಿಲು ದೂಡಿ ಒಳಗೆ ಕಾಲಿಟ್ಟಾಗ ನರ್ಸಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಬೂದಿ. ಒಲೆಯ ಪಕ್ಕದ ತಗಡಿನ ಬಕೆಟ್ಟು ಮಗುಚಿಕೊಂಡಿತ್ತು. ಅದರೊಳಗಿನ ಬೂದಿ, ಕಲ್ಲಿದ್ದಲು ಉರಿದು ಉಳಿದ ಕಿಟ್ಟದ ಹರಳು ಎಲ್ಲ ಹಲಗೆಯ ನೆಲದ ಮೇಲೆ ಚೆಲ್ಲಿ, ನಡುವೆ ನೀರಿನ ಕಂಡಿಯ ಮೇಲೆ ಹಾಸಿದ್ದ ಕಪ್ಪು ಬಟ್ಟೆಯ ಅಂಚಿನ ಕೆಳಗೂ ನುಗ್ಗಿದ್ದವು. ಬಟ್ಟೆಯ ಮೇಲೆ ಮಾತ್ರ ಒಂದು ಚಿಟಿಕೆ ಬೂದಿಯೂ ಇರಲಿಲ್ಲ. ಹಾಸಿಗೆ ಹಾಸಿದ ಹಾಗೆ ನಾಲ್ಕು ಮೂಲೆಯನ್ನೂ ಮಡಿಚಿ, ಒಳಕ್ಕೆ ಸಿಕ್ಕಿಸಿ, ಅಚ್ಚುಕಟ್ಟಾಗಿ ಹೊದಿಸಲಾಗಿತ್ತು.

"ನಿನ್ನೆ ಸಾಯಂಕಾಲ ಬಂದಾಗಲೂ ಹೀಗೇ ಇತ್ತು," ಅಂದರು ಮ್ಯಾನೇಜರು, ಮೇಷ್ಟ್ರ ಹೆಂಡತಿಯ ತಮ್ಮ. "ಭಾವ ಇಲ್ಲ. ಸುತ್ತ ಕೂಗಿ ಕೂಗಿ ಗಂಟಲು ಹರಿದುಹೋಯ್ತು. ಕತ್ತಲಾದ ಮೇಲೆ ಏನು ಮಾಡೋದು, ತಿರುಗಿ ಬಂದ್ವಿ."

"ಬಟ್ಟೆ ಕೆಳಗೆ ನೋಡಿದ್ರಾ?" ಅಂತ ನರ್ಸಮ್ಮ ಕೇಳಿದಳು.

"ಮುಚ್ಚಳ ಹಾಕಿ, ಮೇಲೆ ಅಗುಳಿ ಬೇರೆ ಹಾಕಿದೆಯಲ್ಲಮ್ಮ. ನೀರೊಳಗೆ ಇಳಿದು ಮೇಲಿಂದ ಅಗುಳಿ ಹಾಕ್ಕೊಳ್ಳೋಕೆ ಯಾರಿಗಾದ್ರೂ ಆಗುತ್ತಾ?"

ಅಷ್ಟು ಹೇಳಿದ ಮೇಲೆ ಆ ಮಾತಿನ ಇನ್ನೊಂದು ಮಗ್ಗುಲು ಅವರಿಗೇ ಹೊಳೆದಿರಬೇಕು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಅಳಿಯ ಕೈಗವಸು ಕಳಚಿ ಮತ್ತೆ ಹಾಕಿಕೊಂಡ. ಮ್ಯಾನೇಜರು ಬಗ್ಗಿ ಬಟ್ಟೆ ಕಿತ್ತರು, ಅಗುಳಿ ಸರಿಸಿದರು, ಮುಚ್ಚಳವನ್ನು ಎತ್ತಿ ಬೆನ್ನ ಮೇಲೆ ಮಗುಚಿ ಹಾಕಿದರು. ಆಗ ಬುಧವಾರ ಬೆಳಿಗ್ಗೆ ಒಂಬತ್ತೂವರೆ.

ಮೇಷ್ಟ್ರು ಅಲ್ಲೇ ಇದ್ದರು. ಒಂದು ಮೊಳದ ಕೆಳಗೆ, ಮುಖ ಮೇಲಾಗಿ. ಕೋಟಿನ ತೋಳು ಕಂಡಿಯೊಳಗಿನ ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡು, ಎಲ್ಲಿಗೂ ಹೋಗದೆ ಕಾದಿದ್ದ ಹಾಗೆ ಕಾಣುತ್ತಿದ್ದರು.

ಆ ಕಡಲು ವರ್ಷದಲ್ಲಿ ಎಂಟು ತಿಂಗಳು ಹೆಪ್ಪುಗಟ್ಟಿರುತ್ತಿತ್ತು. ಕರೆಯಲ್ಲಿ ಒಂದೇ ಬೀದಿಯ ಊರು. ಬೀದಿಯ ತುದಿಯಲ್ಲಿ ಸಂಶೋಧನಾ ಕೇಂದ್ರ. ಅಲ್ಲಿಂದ ಮಂಜುಗಡ್ಡೆಯ ಮೇಲೆ ಒಂದು ಗಂಟೆ ನಡೆದರೆ ಈ ಮರದ ಗೂಡು. ಗೂಡಿನ ನಡುವೆ, ಆಳೆತ್ತರದ ಮಂಜುಗಡ್ಡೆಯನ್ನು ಸೀಳಿ ಮಾಡಿದ ಕಂಡಿ. ಆ ಕಂಡಿಯಲ್ಲಿ ಸೀಸೆಗಳನ್ನು ಇಳಿಬಿಟ್ಟು, ಮಂಜಿನ ತಳಕ್ಕೆ ಅಂಟಿಕೊಂಡು ಬೆಳೆಯುವ ಕಂದು ಪಾಚಿ ಎಷ್ಟು, ಅದು ಗಾಳಿಯ ಇಂಗಾಲವನ್ನು ಎಷ್ಟು ತಿಂದು ಕಡಲ ತಳಕ್ಕೆ ಒಯ್ಯುತ್ತದೆ ಎಂದು ಮೇಷ್ಟ್ರು ಮೂವತ್ತು ವರ್ಷದಿಂದ ಅಳೆಯುತ್ತಿದ್ದರು. ಹೊರಗಿನವರಿಗೆ ಸತ್ತಂತೆ ಕಾಣುವ ಆ ಬಿಳಿಯ ಬಯಲು ಅವರ ಪಾಲಿಗೆ ಮೇವು ತುಂಬಿದ ಹೊಲವಾಗಿತ್ತು.

ಹೆಣವನ್ನು ಮೇಲೆತ್ತಿ ಹಲಗೆಯ ಮೇಲೆ ಮಲಗಿಸಿದರು. ನರ್ಸಮ್ಮ ಪದ್ಧತಿಯ ಪ್ರಕಾರ ಎಲ್ಲ ನೋಡಿದಳು. ತಲೆಯ ಹಿಂದೆ ಸಣ್ಣ ಗಾಯ, ಸಾಯುವಂಥದ್ದಲ್ಲ. ಉಗುರುಗಳ ಸಂದಿಯಲ್ಲಿ ಕಪ್ಪು. ಒಲೆಯ ಮಸಿ ಇರಬೇಕು ಅಂದುಕೊಂಡಳು. ಮತ್ತೆ ಅವಳ ಕಣ್ಣು ನೆಲದ ಬೂದಿಯ ಕಡೆಗೇ ಹೋಯಿತು. ಆ ಬೂದಿಯನ್ನು ಅವಳು ಹಿಂದಿನ ದಿನವೇ ನೋಡಿದ್ದಳು, ತನ್ನ ಮೈದುನನ ಪ್ಯಾಂಟಿನ ಮೊಣಕಾಲಿನ ಮೇಲೆ. ಯಾರಿಗೂ ಹೇಳಲಿಲ್ಲ.

"ನಿನ್ನೆ ಬೆಳಿಗ್ಗೆ ಭಾವನ ಜೊತೆ ಬಂದವನು ಒಬ್ಬನೇ," ಅಂದರು ಮ್ಯಾನೇಜರು. "ಜಗಳ ಆಡ್ಕೊಂಡು ಹತ್ತು ಗಂಟೆಗೆ ಹೊರಟು ಬಂದವನೂ ಅವನೇ. ನಿಮ್ಮ ಮೈದುನ. ಬೇಜಾರು ಮಾಡ್ಕೋಬೇಡಿ ನರ್ಸಮ್ಮ, ಇದು ನಿಮ್ಮ ಮುಲಾಜು ನೋಡೋ ವಿಷಯ ಅಲ್ಲ."

ಮೈದುನನನ್ನು ಊರಲ್ಲಿ ಎಲ್ಲರೂ ಬೈರಿಗೆ ಅಂತಲೇ ಕರೆಯುತ್ತಿದ್ದರು. ಮಂಜು ಕೊರೆಯುವುದು ಅವನ ಕೆಲಸ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆಯೇ ಉಳಿದಿದ್ದ. ಆ ಹೊತ್ತಿಗೆ ಹೊರಗೆ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಮಧ್ಯಾಹ್ನದೊಳಗೆ ಅವನನ್ನು ಕೇಂದ್ರದ ಸಾಮಾನಿನ ಕೋಣೆಗೆ ಹಾಕಿ ಬೀಗ ಜಡಿದರು. ಜಿಲ್ಲಾ ಊರಿನ ಇನ್‌ಸ್ಪೆಕ್ಟರಿಗೆ ಫೋನು ಹೋಯಿತು. ರಸ್ತೆಯ ಹಿಮ ತೆಗೆಯಬೇಕು, ಶುಕ್ರವಾರ ಬೆಳಿಗ್ಗೆಯೇ ಬರಲಾಗುವುದು, ಬಂದವರು ಅವನನ್ನು ಕರೆದುಕೊಂಡೇ ಹೋಗುವುದು ಅಂತ ತೀರ್ಮಾನವಾಯಿತು.

ನರ್ಸಮ್ಮ ನೆಟ್ಟಗೆ ಸೀಸೆಯಜ್ಜಿಯ ಹತ್ತಿರ ಹೋದಳು.

ಕೇಂದ್ರದ ಹಿಂಬದಿಯ ತೊಳೆಯುವ ಕೋಣೆಯಲ್ಲಿ ಮೂರು ಸತುವಿನ ತೊಟ್ಟಿ, ಒಂದು ಬಿಸಿನೀರಿನ ಹಂಡೆ, ಗೋಡೆಯ ತುಂಬ ಸೀಸೆ ಬೋರಲು ಹಾಕುವ ಮರದ ಗೂಟಗಳು. ಅಜ್ಜಿ ಮೂವತ್ತು ವರ್ಷದಿಂದ ಅಲ್ಲೇ ತೊಳೆದು, ಅದರ ಪಕ್ಕದ ಕೋಣೆಯಲ್ಲೇ ಮಲಗಿ, ಊರಿನ ಸಂದಿಗೊಂದಿಯ ಸತ್ಯವನ್ನೆಲ್ಲ ಅಲ್ಲಿಂದಲೇ ಪತ್ತೆ ಹಚ್ಚುತ್ತಿದ್ದಳು. ಆಸ್ಪತ್ರೆಯ ಸ್ಪಿರಿಟ್ಟನ್ನು ಕುಡಿಯುತ್ತಿದ್ದವನು ಯಾರೆಂದು ಲೋಟದ ವಾಸನೆಯಿಂದ ಹೇಳಿದ್ದಳು. ಅಂಚೆಯವನ ಚೀಲ ಕದ್ದವನನ್ನು ಅವನ ಬೂಟಿನ ಉಪ್ಪಿನ ಕಲೆಯಿಂದ ಹಿಡಿದಿದ್ದಳು. ಆಗೆಲ್ಲ ಓಡಾಡುವ ಕೆಲಸ ನರ್ಸಮ್ಮನದು. ಅಜ್ಜಿಗೆ ಮೊಣಕಾಲು ನೋವು.

"ಕೂತ್ಕೋ ಮಗಾ," ಅಂದಳು ಅಜ್ಜಿ, ಕೈ ನೀರಿನಿಂದ ತೆಗೆಯದೆ. ಅವಳ ಕಣ್ಣು ಅತ್ತು ಊದಿತ್ತು. "ಮೊದಲಿಂದ ಹೇಳು. ಕಂಡದ್ದು ಹೇಳು, ಅಂದ್ಕೊಂಡಿದ್ದು ಬೇಡ."

ನರ್ಸಮ್ಮ ಹೇಳಿದಳು. ಬಕೆಟ್ಟು, ಬಟ್ಟೆ, ಅಗುಳಿ, ಗಾಯ, ಉಗುರು. ಆಮೇಲೆ ಮಂಗಳವಾರದ್ದು: ಬೈರಿಗೆ ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಬಂದದ್ದು, ಮೂರು ಹೊಲಿಗೆ ಹಾಕಿದ್ದು, ನೋವಿಗೆ ಮಾತ್ರೆ ನುಂಗಿ ನಾಲ್ಕರವರೆಗೆ ಅಲ್ಲೇ ಬೆಂಚಿನ ಮೇಲೆ ಮಲಗಿದ್ದು.

"ಅವನನ್ನ ಬೇರೆ ಯಾರು ನೋಡಿದ್ರು?"

"ಹನ್ನೆರಡೂವರೆಗೆ ಮ್ಯಾನೇಜರು ರಕ್ತದೊತ್ತಡದ ಮಾತ್ರೆಗೆ ಬಂದಿದ್ರು. 'ಕೈ ಕುಯ್ಕೊಂಡು ಮಹಾರಾಜರ ಹಾಗೆ ಮಲಗಿದ್ದಾನೆ ನೋಡು' ಅಂತ ಹಂಗಿಸಿದ್ರು. ಎರಡು ಗಂಟೆಗೆ ಅಮ್ಮಾವರು ಬಂದಿದ್ರು, ಮೇಷ್ಟ್ರ ಕೆಮ್ಮಿನ ಔಷಧಿಗೆ. ಆದ್ರೆ ಅಜ್ಜಿ, ಅವರೆಲ್ಲ ಹೇಳೋದು, ಇವನು ಹತ್ತು ಗಂಟೆಗೆ ಹೊರಡೋ ಮುಂಚೇನೇ ಮುಗಿಸಿ ಬಂದಿದ್ದಾನೆ ಅಂತ."

"ಜಗಳ ಯಾತಕ್ಕಂತೆ?"

"ಯಾವಾಗಿನದೇ. ಕಂಡಿ ಮುಚ್ಚಲಿಲ್ಲ ಅಂತ. 'ಆರು ವರ್ಷದಿಂದ ಹೇಳ್ತಿದ್ದೀನಿ, ನಿನ್ನ ತಲೇಲಿ ಇರೋದು ಮೆದುಳೋ ಮಂಜುಗಡ್ಡೆಯೋ' ಅಂದ್ರಂತೆ. ಇವನೂ ಸಿಟ್ಟಲ್ಲಿ ಮಂಜು ಕೊರೆಯೋ ಬೈರಿಗೆ ಎಳೆದಾಗ ಕೈ ಕುಯ್ದಿದೆ."

ಅಜ್ಜಿ ಅವಳ ಮುಖವನ್ನೇ ನೋಡಿದಳು. "ಇನ್ನೇನೋ ಇದೆ. ನುಂಗ್ತಿದ್ದೀಯ."

"ಏನೂ ಇಲ್ಲ."

"ಸರಿ. ಅಜೀರ್ಣ ಆದಾಗ ಬಾ," ಅಂದು ಅಜ್ಜಿ ಮತ್ತೆ ಕುಂಚ ಹಿಡಿದಳು.

ಗುರುವಾರ ಬೆಳಿಗ್ಗೆ ನರ್ಸಮ್ಮ ಬುತ್ತಿ ತೆಗೆದುಕೊಂಡು ಸಾಮಾನಿನ ಕೋಣೆಗೆ ಹೋದಳು. ಬಾಗಿಲ ಕೆಳಗಿನ ಸಂದಿಯಿಂದ ಡಬ್ಬಿ ದೂಡಬೇಕಿತ್ತು. ಒಳಗಿನಿಂದ ಅವನ ದನಿ ಬಂತು.

"ಅತ್ತಿಗೆ, ಬಾಗಿಲ ಹತ್ತಿರ ಕೂತ್ಕೊಳ್ಳಿ ಸ್ವಲ್ಪ. ಇಲ್ಲಿ ಹಗ್ಗದ ಸುರುಳಿ ಬಿಟ್ರೆ ಮಾತಾಡ್ಸೋರು ಯಾರೂ ಇಲ್ಲ."

"ನಿನ್ನ ಪ್ಯಾಂಟಿಗೆ ಬೂದಿ ಹೇಗೆ ಬಂತೋ?" ಅಂತ ಅವಳು ಪಿಸುಗುಟ್ಟಿದಳು.

"ಒಲೆ ಬಳಿದು ಬೂದಿ ಬಕೆಟ್ಟಿಗೆ ತುಂಬೋದು ನಾನಲ್ದೆ ಇನ್ನಾರು? ದಿನಾ ತುಂಬ್ತೀನಿ. ಯಾಕೆ ಕೇಳ್ತಿದ್ದೀರಿ?"

"ಸುಮ್ನೆ. ಬೆಳಿಗ್ಗೆ ಏನೇನು ಮಾಡಿದ್ರಿ ಹೇಳು."

"ಒಲೆ ಹಚ್ಚಿದೆ. ಲಾಳಿಕೆ ಇಳಿಸಿದ್ವಿ. ಒಂಬತ್ತಕ್ಕೆ ಶುರುವಾಗೋ ಹಾಗೆ ಮೇಷ್ಟ್ರು ಅದರ ಗಡಿಯಾರ ತಿರುಗಿಸಿದ್ರು. ಆಮೇಲೆ ಹೊಸ ಕಂಡಿ ಕೊರೆಯೋಕೆ ಹೊರಗೆ ಹೋದೆ, ಬಂದೆ, ಬೈಸಿಕೊಂಡೆ, ಹೊರಟೆ. ಅಷ್ಟೇ ಅತ್ತಿಗೆ. ನಾನು ಹೊರಟಾಗ ಅವರು ಚಹಾಕ್ಕೆ ನೀರಿಡ್ತಾ ಇದ್ರು, ಇನ್ನೂ ಬೈತಾನೇ ಇದ್ರು."

ನಂಬಬೇಕು ಅಂತ ಅವಳ ಮನಸ್ಸು ಹೇಳುತ್ತಿತ್ತು. ಆದರೆ ಅವನ ಸಿಟ್ಟನ್ನು ಅವಳು ಬಲ್ಲಳು. ಗಂಡ ಸತ್ತ ವರ್ಷ ಆ ಹುಡುಗ ಗೋಡೆಗೆ ಗುದ್ದಿ ಬೆರಳು ಮುರಿದುಕೊಂಡಿದ್ದ.

ತೊಳೆಯುವ ಕೋಣೆಗೆ ಬಂದು ಬೂದಿಯ ವಿಷಯವನ್ನು ಕಕ್ಕಿಬಿಟ್ಟಳು. ಅಜ್ಜಿ ಬೈಯಲಿಲ್ಲ. ಹೊಸದಾಗಿ ಬಂದಿದ್ದ ಸೀಸೆಗಳ ಪೆಟ್ಟಿಗೆಯನ್ನು ಕಾಲಿಂದ ಹತ್ತಿರಕ್ಕೆ ಎಳೆದುಕೊಂಡಳು.

"ಸಾವಿನ ಮನೇಲೂ ಸೀಸೆ ಬರೋದು ನಿಲ್ಲಲ್ಲ ನೋಡು. ಮಂಗಳವಾರ ಅಳಿಯಂದಿರು ತಂದಿದ್ದು. ಚೀಟಿ ಓದು."

ನರ್ಸಮ್ಮ ಓದಿದಳು. "ಮೂರನೇ ಜಾಗ. ಮಂಗಳವಾರ, ಮಧ್ಯಾಹ್ನ ಹನ್ನೆರಡು. ಬಣ್ಣ: ಗಾಢ ಕಂದು."

ಮೂರನೇ ಜಾಗವೆಂದರೆ ಕೋಡುಗಲ್ಲಿನ ಆಚೆ, ಗಾಳಿ ಬಡಿಯುವ ಬಯಲು. ಅಳಿಯ ವಾರಕ್ಕೊಮ್ಮೆ ಕೇಂದ್ರದ ಒಂದೇ ಒಂದು ಮೋಟಾರು ಜಾರುಬಂಡಿ ಹತ್ತಿ ಅಲ್ಲಿಗೆ ಹೋಗಿ, ಮಂಜನ್ನು ಕಬ್ಬಿನ ಜಲ್ಲೆಯಂತೆ ಉರುಳೆ ಉರುಳೆಯಾಗಿ ಕೊರೆದು ತರುತ್ತಿದ್ದ. ಉರುಳೆಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದರ ತಳದ ತುಂಡನ್ನು ಕರಗಿಸಿ ಈ ಸೀಸೆಗಳಿಗೆ ತುಂಬುತ್ತಿದ್ದರು, ಅಳತೆಯಾದ ಮೇಲೆ ಸೀಸೆ ತೊಳೆಯಲು ಬರುತ್ತಿತ್ತು.

ಅಜ್ಜಿ ಸೀಸೆಗೆ ಬಿಸಿನೀರು ಹೊಯ್ದು, ಕುಂಚ ಆಡಿಸಿ, ತೊಟ್ಟಿಗೆ ಸುರಿದಳು. ನೀರು ಹೋದ ಹಾಗೇ ಬಂತು.

"ಹಿಮ ದಪ್ಪಗೆ ಬಿದ್ದ ಕಡೆ ಮಂಜಿನೊಳಗೆ ಬಿಸಿಲು ಇಳಿಯಲ್ಲ, ಪಾಚಿ ಹುಟ್ಟಲ್ಲ," ಅಂದಳು. "ಗಾಳಿ ಹಿಮ ಗುಡಿಸಿ ಹಾಕೋ ಕಡೆ ಬಿಸಿಲು ಇಳಿದು ಚೆನ್ನಾಗಿ ಬೆಳೆಯುತ್ತೆ. ಅಲ್ಲಿನ ಸೀಸೆ ತೊಳೆದ ನೀರು ಚಹಾದ ಬಣ್ಣ ಇರಬೇಕು, ಜಿಗುಟು ಹೋಗೋಕೆ ಎರಡು ಸಲ ಉಜ್ಜಬೇಕು. ಐದು ವಾರದಿಂದ ನನಗೆ ಒಂದೇ ಸಲಕ್ಕೆ ಕೆಲಸ ಮುಗೀತಿದೆ."

"ಅಂದ್ರೆ?"

"ಅಂದ್ರೆ ನನ್ನ ಕೈ ನೋವು ಕಡಿಮೆ ಆಗಿದೆ," ಅಂದ ಅಜ್ಜಿ ನಗಲಿಲ್ಲ. ಸೀಸೆಯನ್ನು ಗೂಟಕ್ಕೆ ಬೋರಲು ಹಾಕಿ ಕೇಳಿದಳು: "ಬೈರಿಗೆ ಲಾಳಿಕೆ ಇಳಿಸಿದ್ವಿ ಅಂದ್ನಾ? ಮಂಗಳವಾರ?"

"ಹೌದು. ಏನದು ಲಾಳಿಕೆ?"

"ಮೇಲಿಂದ ಸತ್ತು ಬೀಳೋ ಪಾಚಿ ಎಷ್ಟು ಅಂತ ಹಿಡಿಯೋ ಸಾಮಾನು. ಅಗಲ ಬಾಯಿಯ ಲಾಳಿಕೆ, ಅದರ ಕೆಳಗೆ ಚಕ್ರದಲ್ಲಿ ಎಂಟು ಕುಪ್ಪಿ. ಮೂರು ಮೂರು ಗಂಟೆಗೆ ಚಕ್ರ ತಿರುಗಿ ಬೇರೆ ಕುಪ್ಪಿ ಬರುತ್ತೆ, ತುಂಬಿದ್ದರ ಬಾಯಿ ಮುಚ್ಚಿಹೋಗುತ್ತೆ. ಬುಧವಾರ ಇಳಿಸಬೇಕಿತ್ತು. ಸೋಮವಾರವೇ ನಾನು ಕುಪ್ಪಿ ತೊಳೆದು ಕೊಟ್ಟೆ, 'ಹಾಗಾದ್ರೆ ನಾಳೇನೇ ಇಳಿಸ್ತೀನಿ' ಅಂದ್ರು ಮೇಷ್ಟ್ರು." ಅವಳು ಕೈ ಒರೆಸಿಕೊಂಡು ನರ್ಸಮ್ಮನ ಎದುರು ಕೂತಳು. "ಬಕೆಟ್ಟು ಮಗುಚಿದಾಗ ಕಿಟ್ಟದ ಹರಳು ಕಂಡಿಗೂ ಬಿದ್ದಿರುತ್ತೆ. ಹರಳು ತೇಲಲ್ಲ. ಲಾಳಿಕೆ ನೆಟ್ಟಗೆ ಕೆಳಗೇ ಇದೆ. ಒಂಬತ್ತರಿಂದ ಹನ್ನೆರಡು ಒಂದನೇ ಕುಪ್ಪಿ. ಹನ್ನೆರಡರಿಂದ ಮೂರು ಎರಡನೇದು. ಅರ್ಥ ಆಯ್ತಾ ಮಗಾ?"

ನರ್ಸಮ್ಮನಿಗೆ ಅರ್ಥವಾಯಿತು.

"ನಾನು ಅದನ್ನ ನೋಡಿಲ್ಲ. ಎರಡನೇದರಲ್ಲಿ ಇದ್ರೆ ನಿನ್ನ ಮೈದುನ ಮನೆಗೆ ಬರ್ತಾನೆ. ಒಂದನೇದರಲ್ಲಿ ಇದ್ರೆ ಅವನ ಕತೆ ಮುಗೀತು, ಯಾರಿಂದಲೂ ತಪ್ಪಿಸೋಕಾಗಲ್ಲ. ಎಲ್ಲರ ಎದುರೇ ತೆಗೆಸಬೇಕು, ಇಲ್ದಿದ್ರೆ ನೀನೇ ಹರಳು ಹಾಕಿದೆ ಅಂತಾರೆ. ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ. ಇನ್ನಾರಿಗೂ ಅದರ ನೆನಪಿಲ್ಲ. ಹೇಳು."

ಹಂಡೆಯ ನೀರು ಸಣ್ಣಗೆ ಕುದಿಯುತ್ತಿತ್ತು. ನರ್ಸಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಅವೇ ಕೈಯಲ್ಲಿ ಅವನಿಗೆ ಹೊಲಿಗೆ ಹಾಕಿದ್ದಳು. ಹಾಕುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ, ನೋವಿಗೋ, ಇನ್ನೇತಕ್ಕೋ?

"ತೆಗೆಸಿ," ಅಂದಳು ಕೊನೆಗೆ.

ಶುಕ್ರವಾರ ಬಂದ ಇನ್‌ಸ್ಪೆಕ್ಟರು ದಪ್ಪ ಮೀಸೆಯ, ನೆಗಡಿ ಹಿಡಿದಿದ್ದ ಮನುಷ್ಯ. ಸೀಸೆ ತೊಳೆಯುವ ಮುದುಕಿಯ ಮಾತು ಕೇಳುವುದಕ್ಕೆ ಅವರು ನೂರಾರು ಮೈಲಿ ಬಂದಿರಲಿಲ್ಲ. ಆದರೆ ಅಂಚೆಯ ಚೀಲದ ಪ್ರಕರಣ ಅವರಿಗೆ ನೆನಪಿತ್ತು. ಮೊದಲು ಗೂಡಿಗೆ ಹೋಗಿ, ಗೂಟಕ್ಕೆ ಕಟ್ಟಿದ್ದ ಹಗ್ಗಗಳಲ್ಲಿ ದಪ್ಪದ್ದನ್ನು ಮ್ಯಾನೇಜರ ಕೈಯಲ್ಲೇ ಎಳೆಸಿದರು. ಬಂದದ್ದನ್ನು ಬಿಚ್ಚದೆ ಗೋಣಿಯಲ್ಲಿ ಸುತ್ತಿಸಿ ತಂದರು. ಅಜ್ಜಿ ಕೇಳಿದ್ದಳೆಂದು ಮುಚ್ಚಳವನ್ನೂ ಕಪ್ಪು ಬಟ್ಟೆಯನ್ನೂ ತಂದರು.

ಹನ್ನೊಂದು ಗಂಟೆಗೆ ಎಲ್ಲರೂ ತೊಳೆಯುವ ಕೋಣೆಯಲ್ಲಿ ಸೇರಿದರು. ಮೇಷ್ಟ್ರ ಹೆಂಡತಿ ಅಮ್ಮಾವರು ಒಂದೇ ಇದ್ದ ಕುರ್ಚಿಯಲ್ಲಿ. ಅವರ ಹಿಂದೆ ತಮ್ಮ, ಮ್ಯಾನೇಜರು. ಕಿಟಕಿಯ ಹತ್ತಿರ ಅಳಿಯ. ಅವನ ಹೆಂಡತಿ ದೂರದ ಶಹರದಿಂದ ಇನ್ನೂ ದಾರಿಯಲ್ಲಿದ್ದಳು. ಬಾಗಿಲಲ್ಲಿ ಇಬ್ಬರು ಪೇದೆಗಳ ನಡುವೆ ಬೈರಿಗೆ. ನರ್ಸಮ್ಮ ಅವನ ಕಡೆ ನೋಡಲಾರದೆ ಗೂಟದ ಸೀಸೆಗಳನ್ನು ನೋಡುತ್ತಾ ನಿಂತಳು.

ಪೇದೆ ಗೋಣಿ ಬಿಚ್ಚಿದ.

"ಇದು ಬುಧವಾರ ಅಲ್ವಾ ಇಳಿಸಬೇಕಿದ್ದಿದ್ದು?" ಅಂದ ಅಳಿಯ, ಯಾರೂ ಕೇಳದೆಯೇ.

"ಮಂಗಳವಾರ ಬೆಳಗಿನ ಜಾವವೇ ನೀವು ಬಂಡಿ ತಗೊಂಡು ಹೊರಟುಬಿಟ್ರಲ್ಲ ಅಳಿಯಂದಿರೇ, ನಿಮಗೆ ಗೊತ್ತಾಗಲಿಲ್ಲ," ಅಂದಳು ಅಜ್ಜಿ. "ಸಾಹೇಬ್ರೇ, ಇದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ಒಂದರಿಂದ ತೆಗೆಯಿರಿ. ಕಿಟಕಿಯ ಬೆಳಕಿಗೆ ಹಿಡಿಯಿರಿ."

ಇನ್‌ಸ್ಪೆಕ್ಟರು ಒಂದನೇ ಕುಪ್ಪಿಯನ್ನು ಕಳಚಿ ಬೆಳಕಿಗೆ ಹಿಡಿದರು. ತಳದಲ್ಲಿ ಏನೋ ಇತ್ತು. ನರ್ಸಮ್ಮ ತೊಟ್ಟಿಯ ಅಂಚು ಹಿಡಿದುಕೊಂಡಳು. ಇನ್‌ಸ್ಪೆಕ್ಟರು ಕುಪ್ಪಿಯನ್ನು ಅಲುಗಿಸಿದರು. ಕಂದು ಬಣ್ಣದ ತೆಳು ನಾರು ಮೋಡದಂತೆ ಎದ್ದು ಮತ್ತೆ ಕೂತಿತು.

"ಪಾಚಿ," ಅಂದಳು ಅಜ್ಜಿ. "ಬರೀ ಪಾಚಿ. ಎರಡನೇದು?"

ಎರಡನೇದನ್ನು ಹಿಡಿದಾಗ ಯಾರೂ ಏನೂ ಕೇಳಬೇಕಾಗಲಿಲ್ಲ. ಕಿಟ್ಟದ ಹರಳುಗಳು ಗಾಜಿಗೆ ಟಣ್ಣೆಂದು ಬಡಿದವು. ಮೂರನೇದರಲ್ಲಿ ಮತ್ತೆ ಪಾಚಿ. ಉಳಿದ ಐದರಲ್ಲೂ ಅದೇ.

"ಕಡಲಿಗೆ ಯಾರ ಮುಲಾಜೂ ಇಲ್ಲ," ಅಂದಳು ಅಜ್ಜಿ. "ಬಿದ್ದದ್ದನ್ನ ಬಿದ್ದ ಹೊತ್ತಿಗೆ ಹಿಡಿದಿದೆ. ಬಕೆಟ್ಟು ಮಗುಚಿದ್ದು, ಅಂದ್ರೆ ಕೈ ಕೈ ಮಿಲಾಯಿಸಿದ್ದು, ಹನ್ನೆರಡರಿಂದ ಮೂರರೊಳಗೆ. ನೀವು ಮುಚ್ಚಳ ತೆಗೆಯೋ ಹೊತ್ತಿಗೆ ಎಂಟೂ ಕುಪ್ಪಿಯ ಬಾಯಿ ಮುಚ್ಚಿ ಅರ್ಧ ಗಂಟೆ ಆಗಿತ್ತು, ಹಾಗಾಗಿ ಆಮೇಲೆ ಬಿದ್ದದ್ದಲ್ಲ. ಮ್ಯಾನೇಜರೇ, ಹನ್ನೆರಡೂವರೆಗೆ ಬೈರಿಗೆಯನ್ನ ಬೆಂಚಿನ ಮೇಲೆ ಕಂಡು ಹಂಗಿಸಿದ್ದು ಯಾರು?"

"ನಾನೇ," ಅಂದರು ಮ್ಯಾನೇಜರು, ದನಿ ಕುಗ್ಗಿ.

"ಎರಡು ಗಂಟೆಗೆ, ಅಮ್ಮಾವರೇ?"

ಅಮ್ಮಾವರು ತಲೆ ಅಲ್ಲಾಡಿಸಿದರು. "ಮಲಗಿದ್ದ. ಗೊರಕೆ ಹೊಡೀತಿದ್ದ."

"ಗೂಡಿಗೆ ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ನಡುವೆ ಸಿಗೋದು ಒಂದೂವರೆ. ಎರಡರ ಮೇಲೆ ಹೊರಟಿದ್ರೂ ಮೂರರೊಳಗೆ ಗೂಡು ಮುಟ್ಟಲ್ಲ. ಬೆಳಿಗ್ಗೆ ಇವನು ಹೊರಟಾಗ ಮೇಷ್ಟ್ರು ಬದುಕಿದ್ರು, ಇವನನ್ನೇ ಬೈತಾ ಇದ್ರು. ನಡೆದು ಹೋಗಿ ಬರೋಕೆ ಆಗದ ಕೆಲಸ ಇದು. ಬಂಡಿ ಇದ್ದವನಿಗೆ ಆಗುತ್ತೆ."

"ನಾನು ಮೂರನೇ ಜಾಗದಲ್ಲಿದ್ದೆ," ಅಂದ ಅಳಿಯ. "ಹನ್ನೆರಡಕ್ಕೆ ಉರುಳೆ ತೆಗೆದಿದ್ದೀನಿ. ಚೀಟಿ ಇದೆ."

"ಚೀಟಿ ಇದೆ. 'ಗಾಢ ಕಂದು' ಅಂತಲೂ ಇದೆ. ಐದು ವಾರದಿಂದ ಹಾಗೇ ಬರೆದಿದೆ, ಐದು ವಾರದಿಂದ ನನ್ನ ತೊಟ್ಟಿಯ ನೀರು ಮಾತ್ರ ಕನ್ನಡಿ. ಶೀತಪೆಟ್ಟಿಗೇಲಿ ಇವರ ಮಂಗಳವಾರದ ಉರುಳೆಯ ಅರ್ಧ ಉಳಿದಿದೆ. ಬೈರಿಗೆ, ನೀನೇ ತಾ."

ಅವನು ಪೇದೆಯ ಜೊತೆ ಹೋಗಿ ತಂದ. ತೋಳುದ್ದದ ಮಂಜಿನ ಉರುಳೆ. ಮೇಲಿಂದ ಕೆಳಗಿನವರೆಗೂ ಹಾಲಿನಂತೆ ಬಿಳುಪು.

"ಇದು ದಪ್ಪ ಹಿಮದ ಕೆಳಗಿನ ಮಂಜು," ಅಂದ ಬೈರಿಗೆ. ಮೂರು ದಿನದಲ್ಲಿ ಅವನು ಜೋರಾಗಿ ಆಡಿದ ಮೊದಲ ಮಾತು ಅದು. "ದಡದ ಹತ್ತಿರದ್ದು. ಮೂರನೇ ಜಾಗದ್ದು ತಳದಲ್ಲಿ ನಾಲ್ಕು ಬೆರಳು ಕಂದು ಇರುತ್ತೆ. ಕಣ್ಣು ಕಟ್ಟಿ ಕೊಟ್ರೂ ಮೂಗಿಂದ ಹೇಳ್ತೀನಿ."

"ಅಲ್ಲಿಗೆ ಹೋಗೇ ಇಲ್ಲ ಇವರು," ಅಜ್ಜಿ ಮುಂದುವರಿಸಿದಳು. "ದಡದಲ್ಲೇ ಕೊರೆದು, ಹೋದ ವರ್ಷದ ಅಂಕಿಗೆ ಅಷ್ಟಿಷ್ಟು ಸೇರಿಸಿ ಬರೆದು ಕೊಟ್ಟಿರ್ತಾರೆ ಅಂತ ಕಾಣುತ್ತೆ. ಸೋಮವಾರ ಮೇಷ್ಟ್ರು ಈ ಬಾಗಿಲಲ್ಲಿ ನಿಂತು ಕೇಳಿದ್ರು: 'ಮೂರನೇ ಜಾಗದ ಸೀಸೆ ತೊಳೆಯುವಾಗ ನೀರು ಯಾವ ಬಣ್ಣ ಅಜ್ಜಿ?' ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಏನೂ ಮಾತಾಡದೆ ಹೋದ್ರು. ನಾನು ಸುಳ್ಳು ಹೇಳಿದ್ದಿದ್ರೆ ಇವತ್ತು ಬದುಕಿರ್ತಿದ್ರು." ಇನ್‌ಸ್ಪೆಕ್ಟರ ಕಡೆ ತಿರುಗಿದಳು. "ಮಂಗಳವಾರ ಅಳಿಯ ದಡದಿಂದ ಗೂಡಿಗೆ ಹೋಗಿದ್ದಾರೆ. ಮಾವ ಕೇಳಿದ್ದಾರೆ."

"ಇಷ್ಟೇ ಆದ್ರೆ ಅಲ್ಲಿರಲಿಲ್ಲ ಅಂತ ಆಯ್ತು. ಗೂಡಲ್ಲಿದ್ದ ಅಂತ ಹೇಗೆ?" ಅಂದರು ಇನ್‌ಸ್ಪೆಕ್ಟರು ಮೂಗು ಒರೆಸಿಕೊಳ್ಳುತ್ತಾ.

"ಬಟ್ಟೆ," ಅಂದಳು ಅಜ್ಜಿ. "ಹೆಣ ಬಚ್ಚಿಡೋಕೆ ಮುಚ್ಚಳ ಸಾಕು. ಅಗುಳಿ ಇರೋದು ಸೀಲ್ ಪ್ರಾಣಿ ಕೆಳಗಿಂದ ತಲೆ ಕೊಟ್ಟು ಮುಚ್ಚಳ ಎತ್ತದಿರಲಿ ಅಂತ, ಅದೂ ಸಾಕು. ಅದರ ಮೇಲೆ ಬಟ್ಟೆ ಹೊದಿಸಿ ನಾಲ್ಕು ಮೂಲೆ ಸಿಕ್ಕಿಸೋದು ಯಾಕೆ? ಮುಚ್ಚಳದ ಸಂದಿಯಿಂದ ಒಂದು ಗೆರೆ ಬೆಳಕು ಇಳಿದ್ರೂ ಕೆಳಗಿನ ಪಾಚಿಗೆ ಇಲ್ಲದ ಬಿಸಿಲು ಸಿಕ್ಕಿ ಅಳತೆ ಕೆಡುತ್ತೆ ಅಂತ. ಮ್ಯಾನೇಜರಿಗೆ ಆ ಪದ್ಧತಿ ಗೊತ್ತಿಲ್ಲ. ಬೈರಿಗೆ ಮುಚ್ಚಳವನ್ನೇ ಹಾಕಲ್ಲ, ಆರು ವರ್ಷ ಬೈಸಿಕೊಂಡಿದ್ದಾನೆ. ಮೂಲೆ ಸಿಕ್ಕಿಸೋ ಕೈ ಈ ಕೇಂದ್ರದಲ್ಲಿ ಎರಡೇ ಜೊತೆ. ಒಂದು ಜೊತೆ ಬಟ್ಟೆ ಕೆಳಗೆ ನೀರಲ್ಲಿತ್ತು. ಬೂದಿ ಬಟ್ಟೆಯ ಕೆಳಗಿದೆ, ಮೇಲಿಲ್ಲ; ಅಂದ್ರೆ ಎಲ್ಲ ಮುಗಿದ ಮೇಲೆ ಹೊದಿಸಿದ್ದು. ಮನುಷ್ಯನ್ನ ಮುಳುಗಿಸಿ ಬಂದವನು, ಆ ಗಾಬರೀಲೂ, ಲೆಕ್ಕ ಕೆಡಬಾರದು ಅಂತ ಬಟ್ಟೆ ಸರಿಮಾಡಿದ್ದಾನೆ. ಮಾವನೇ ಕಲಿಸಿದ ಪಾಠ. ಕೈ ತಾನಾಗೇ ಮಾಡಿಬಿಡ್ತು."

ಅಳಿಯನ ಮುಖದಲ್ಲಿ ಬಣ್ಣವಿರಲಿಲ್ಲ. "ಐದು ವಾರದ ಹಿಂದೆ ಹೊರಟಿದ್ದೆ," ಅಂದ ನೆಲ ನೋಡುತ್ತಾ. "ಕೋಡುಗಲ್ಲಿನ ಹತ್ತಿರ ಬಂಡಿಯ ಕೆಳಗೇ ಮಂಜು ಬಿರಿಯಿತು. ನೀರು ಕಂಡೆ. ಆಮೇಲೆ ಹೋಗೋಕೆ ಆಗಲಿಲ್ಲ. ಯಾರಿಗೆ ಹೇಳಲಿ? ಅವರ ಮೂವತ್ತು ವರ್ಷದಲ್ಲಿ ಒಂದು ವಾರ ಬಿಟ್ಟೋದದ್ದಿಲ್ಲ. 'ಭಯ ಆಯ್ತು ಮಾವ' ಅಂತ ಹೇಗೆ ಹೇಳಲಿ? ಎಲ್ಲರ ಎದುರು ಹೇಳಿಸ್ತೀನಿ ಅಂದ್ರು. ತಳ್ಳಿದೆ. ಬಕೆಟ್ಟಿಗೆ ಎಡವಿ ಹಿಂದಕ್ಕೆ ಬಿದ್ರು, ಕಂಡಿಗೆ. ತಲೆಗೆ ಅಂಚು ಬಡೀತು. ಆಗಲೇ ಹೋಗಿಬಿಟ್ಟಿದ್ರು ಅತ್ತೆ, ಆಗಲೇ ಜೀವ ಹೋಗಿತ್ತು, ನಾನು ಏನೂ ಮಾಡೋ ಹಾಗಿರಲಿಲ್ಲ..."

ನರ್ಸಮ್ಮ ಅಷ್ಟು ಹೊತ್ತು ಗೋಡೆಗೆ ಒರಗಿಸಿದ್ದ ಮುಚ್ಚಳವನ್ನೇ ನೋಡುತ್ತಿದ್ದಳು. ಅದರ ಒಳಮೈಗೆ ಕಪ್ಪು ಬಣ್ಣ ಬಳಿದಿತ್ತು.

"ಇಲ್ಲ," ಅಂದಳು. ಹೇಳಬಾರದಿತ್ತೇನೋ, ಆದರೆ ಮಾತು ಬಂದುಹೋಗಿತ್ತು. ಹೋಗಿ ಮುಚ್ಚಳವನ್ನು ಕಿಟಕಿಯ ಕಡೆ ತಿರುಗಿಸಿದಳು. ಕಪ್ಪು ಬಣ್ಣದ ಮೇಲೆ ಬಿಳಿಯ ಗೀರುಗಳು, ನಾಲ್ಕು ನಾಲ್ಕಾಗಿ. "ಅವರ ಉಗುರಲ್ಲಿದ್ದದ್ದು ಮಸಿ ಅಂದ್ಕೊಂಡಿದ್ದೆ."

ಅಮ್ಮಾವರು ಎದ್ದು ಬಂದು ಆ ಗೀರುಗಳ ಮೇಲೆ ಬೆರಳಿಟ್ಟರು.

"ಎಷ್ಟು ಹೊತ್ತು?" ಅಂದರು, ಅಳಿಯನನ್ನಲ್ಲ, ನರ್ಸಮ್ಮನನ್ನು.

"ಆ ನೀರಲ್ಲಿ ಬಹಳ ಹೊತ್ತು ಆಗಲ್ಲಮ್ಮ."

"ಎಷ್ಟು?"

ನರ್ಸಮ್ಮ ಅವರ ಕೈಯನ್ನು ಮುಚ್ಚಳದಿಂದ ಮೆಲ್ಲಗೆ ಬಿಡಿಸಿದಳು. ಅಳಿಯ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯ ಬುಡದಲ್ಲಿ ಕುಸಿದಿದ್ದ. ಇನ್‌ಸ್ಪೆಕ್ಟರು ಪೇದೆಗಳಿಗೆ ಕಣ್ಣಲ್ಲೇ ಹೇಳಿದರು.

ಬೈರಿಗೆಯನ್ನು ಬಿಟ್ಟಾಗ ಮಧ್ಯಾಹ್ನ ದಾಟಿತ್ತು. ಮ್ಯಾನೇಜರು ಅವನ ಭುಜ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಅಜ್ಜಿ ಯಾರ ಹೊಗಳಿಕೆಗೂ ಕಾಯದೆ ಬಾಗಿಲು ಹಾಕಿಕೊಂಡಳು. ಒಳಗೆ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತಿಗೆ ಮೈದುನ ಬೀದಿಗುಂಟ ಮನೆ ಕಡೆ ನಡೆದರು. ಎರಡೂ ಬದಿ ಗುಡ್ಡೆ ಹಾಕಿದ ಹಿಮ ಕೊಳಕಾಗಿತ್ತು. ಗಾಳಿ ಇರಲಿಲ್ಲ. ಆಸ್ಪತ್ರೆಯ ಬಾಗಿಲು ದಾಟುವಾಗ ಅವನು ಕೇಳಿದ:

"ಅಜ್ಜಿ ನಿಮ್ಮನ್ನ ಕೇಳಿದ್ರಂತೆ. ತೆಗೆಸಲಾ ಬೇಡವಾ ಅಂತ."

"ಹೂಂ."

"ಒಂದನೇದರಲ್ಲಿ ಇರುತ್ತೆ ಅಂತ ನಿಮಗೆ ಅನ್ನಿಸಿತ್ತಾ ಅತ್ತಿಗೆ?"

ಸುಳ್ಳು ಹೇಳುವುದು ಸುಲಭವಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ದಿನ ಬೆಳಗಿನಿಂದ ಅವಳು ಕಂಡದ್ದೆಲ್ಲ ಸುಳ್ಳು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೇ.

"ಅನ್ನಿಸಿತ್ತು," ಅಂದಳು.

ಅವನ ಹೆಜ್ಜೆ ಬಿರುಸಾಯಿತು. ಯಾವಾಗಲೂ ಅವಳ ನಡಿಗೆಗೆ ತಕ್ಕ ಹಾಗೆ ನಿಧಾನ ಮಾಡುತ್ತಿದ್ದವನು ಮುಂದೆ ಮುಂದೆ ಹೋದ. ನಡುವೆ ಹತ್ತು ಮಾರು, ಇಪ್ಪತ್ತು ಮಾರು ಅಂತರ ಬಿತ್ತು. ಅವಳು ಕರೆಯಲಿಲ್ಲ. ಕರೆಯುವ ಹಕ್ಕು ಉಳಿದಿದೆ ಎಂದು ಅನ್ನಿಸಲಿಲ್ಲ.

ಮನೆಗೆ ಇನ್ನೂ ನಾಲ್ಕು ಬಾಗಿಲು ಇರುವಾಗ ಅವನು ನಿಂತ. ತಿರುಗಿ ನೋಡಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಬೀದಿಯ ನಡುವೆ ಬೆನ್ನು ಮಾಡಿ, ಅವಳು ಬಂದು ಪಕ್ಕಕ್ಕೆ ಸೇರುವವರೆಗೂ ನಿಂತೇ ಇದ್ದ.